ಬುಧವಾರದ ಟೇಬಲ್ಲು

"ಬುಧವಾರ ಮಾತ್ರ ಕೊಡೋದಿಲ್ಲ ಸರ್," ಎನ್ನುತ್ತ ನರದ ಡಾಕ್ಟರು ಎದ್ದೇ ಬಿಟ್ಟರು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಜಾರಿ ಗೋಡೆಗೆ ಬಡಿಯಿತು.

ಮೇಜಿನ ಆಚೆ ಕೂತಿದ್ದ ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸತೊಡಗಿದರು. ಬೆನ್ನುಹುರಿಯ ಆಪರೇಷನ್ನಿನಲ್ಲಿ ಪಳಗಿದ ಕೈ ಅವರದು. ಈಕೆಗೆ ಕತ್ತರಿ ಹಿಡಿಯಲು ಕಲಿಸಿದವರೂ ಅವರೇ. ಆಸ್ಪತ್ರೆಯಲ್ಲೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು, ಈಕೆಯನ್ನು ಬೆನ್ನ ಹಿಂದೆ ಜಗಳಗಂಟಿ ಎನ್ನುತ್ತಿದ್ದರು. ಎರಡು ಹೆಸರನ್ನೂ ಸುಮ್ಮಸುಮ್ಮನೆ ಇಟ್ಟಿರಲಿಲ್ಲ.

"ಕೂತ್ಕೊಳಮ್ಮ ಮೊದಲು," ಎಂದರು ಮೇಷ್ಟ್ರು. "ಕಾಲಿನ ಶಕ್ತಿ ಹೋದವರು ನನ್ನ ವಾರ್ಡಲ್ಲಿ ಸಾಲಾಗಿ ಮಲಗಿದಾರೆ. ಬೆನ್ನುಹುರಿ ಮೇಲಿನ ಒತ್ತಡ ತೆಗೆದ್ರೆ ಎಷ್ಟೋ ಜನ ಎದ್ದು ಓಡಾಡ್ತಾರೆ. ನೀನು ಇಡೀ ದಿನ ಕೂತು ಒಂದು ತೋಳಿನ ನರ ಹೊಲೀತೀಯ. ಆ ತೋಳು ವರ್ಷ ಆದ್ರೂ ಅಲ್ಲಾಡಲ್ಲ. ಇರೋದು ಒಂದೇ ಆಪರೇಷನ್ ಟೇಬಲ್ಲು. ನಾನೇನ್ ಮಾಡ್ಲಿ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಆಕೆಗೆ ಇನ್ನಷ್ಟು ರೇಗಿತು.

"ನರ ತಲೆಗೂದಲಿಗಿಂತ ಒಂಚೂರು ಜೋರಾಗಿ ಬೆಳೆಯುತ್ತೆ, ಅಷ್ಟೇ. ಕತ್ತಿನ ಹತ್ರ ನರ ಕಿತ್ತೋಗಿರೋರು ಕಾಯಲೇಬೇಕು ಸರ್. ಸ್ಕೂಟರಿಂದ ಬಿದ್ದ ಡ್ರಾಯಿಂಗ್ ಟೀಚರು ಐದು ತಿಂಗಳಿಂದ ಅಲೀತಿದಾರೆ. ಈ ಬುಧವಾರ ತಪ್ಪಿದ್ರೆ ತೋಳಿನ ಸ್ನಾಯು ಒಣಗ್ತಾ ಹೋಗುತ್ತೆ. ಆಮೇಲೆ ಚಿನ್ನದ ದಾರದಲ್ಲಿ ಹೊಲಿದ್ರೂ ಅಷ್ಟೇ."

"ಸರಿ. ನೀನು ಹೊಲಿದಿರೋ ಒಂದೇ ಒಂದು ಕೈ ತೋರ್ಸು. ಮೊಣಕೈ ಮಡಚಿದ್ರೆ ಸಾಕು, ಬುಧವಾರ ನಿನ್ದೇ."

ಈ ಮಾತು ಬಂದೇ ಬರುತ್ತದೆಂದು ಗೊತ್ತಿದ್ದುದರಿಂದ ಆಕೆ ತಾವು ಆಪರೇಷನ್ ಮಾಡಿದ್ದ ಕ್ಷೌರಿಕನೊಬ್ಬನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಂದಿದ್ದರು. ಬೈಕಿನಿಂದ ಬಿದ್ದು ಅವನ ಬಲಗೈ ಹೆಗಲಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ಉಸಿರಾಟಕ್ಕೆಂದು ಪಕ್ಕೆಲುಬುಗಳ ನಡುವೆ ಹಾದುಹೋಗುವ ನರಗಳಲ್ಲಿ ಮೂರನ್ನು ಬಿಡಿಸಿ ತಂದು, ಮೊಣಕೈ ಮಡಚುವ ಸ್ನಾಯುವಿಗೆ ಆಕೆ ಜೋಡಿಸಿದ್ದರು. ಅದು ಫಲಿಸಿದರೆ, ಅವನು ಉಸಿರೆಳೆದಾಗ ಕೈ ಏಳಬೇಕು. ಹೋದ ತಿಂಗಳು ನೋಡಿದಾಗ ಒಂದು ಎಳೆಯೂ ಮಿಸುಕಿರಲಿಲ್ಲ. ಇವತ್ತು ಕರೆಸಿದ್ದು ಬರೀ ಹಟದಿಂದ. ಬಾಗಿಲು ತೆರೆದು ಅವನನ್ನು ಕರೆದರು.

"ನಮಸ್ಕಾರ ಸರ್!" ಕ್ಷೌರಿಕ ಒಳಗೆ ಬಂದು ಕುರ್ಚಿಯಲ್ಲಿ ಕೂರುತ್ತಲೇ ಶುರು ಮಾಡಿದ. ಮೂಗು ಕಟ್ಟಿದ ದನಿ. "ತಪ್ಪು ತಿಳೀಬೇಡಿ, ನಿಮ್ಮ ಎಡಗಡೆ ಕಿವಿ ಹತ್ರದ ಕೂದಲ ಮೇಲೆ ಯಾರೋ ಸೇಡು ತೀರಿಸ್ಕೊಂಡಿದಾರೆ. ನನ್ನ ಕೈಯೊಂದು ಸರಿ ಇದ್ದಿದ್ರೆ..."

ಮೇಷ್ಟ್ರು ತಮಗರಿವಿಲ್ಲದೆ ಕಿವಿ ಮುಟ್ಟಿಕೊಂಡರು. ನರದ ಡಾಕ್ಟರ ಕಣ್ಣು ಮಾತ್ರ ಬೇರೆ ಕಡೆ ಇತ್ತು. ಅವನ ಬಲಗೈಯನ್ನು ಹಳೇ ಶಾಲಿನಿಂದ ಹೊಟ್ಟೆಗೆ ಬಿಗಿದು ಕಟ್ಟಲಾಗಿತ್ತು.

"ಇದನ್ನ ಯಾರು ಕಟ್ಟಕ್ಕೆ ಹೇಳಿದ್ದು?"

"ಚಳಿ ಡಾಕ್ಟ್ರೇ," ಎಂದಳು ಹಿಂದೆ ನಿಂತಿದ್ದ ಹೆಂಡತಿ. ಹೊರಗೆ ಬಿಸಿಲು ಸುಡುತ್ತಿತ್ತು.

"ಬಿಚ್ಚಿ."

"ಬೇಡ ಡಾಕ್ಟ್ರೇ, ಹೀಗೇ ಇರ್ಲಿ..."

ಅಷ್ಟರಲ್ಲಿ ಕ್ಷೌರಿಕನಿಗೆ ಸೀನು ಒತ್ತರಿಸಿಕೊಂಡು ಬಂತು. ಬಾಯಿ ತೆರೆದ, ಎದೆ ಉಬ್ಬಿತು, "ಆ... ಆ..." ಎನ್ನುತ್ತಿದ್ದಂತೆ ಶಾಲಿನೊಳಗೆ ಏನೋ ಗುದ್ದಿತು. ಹೆಂಡತಿ ಓಡಿಬಂದು ಎರಡೂ ಕೈಯಲ್ಲಿ ಅದನ್ನು ಅಮುಕಿ ಹಿಡಿದಳು, ಬುಟ್ಟಿಯಿಂದ ಹಾರಲು ನೋಡುವ ಕೋಳಿಯನ್ನು ಹಿಡಿದ ಹಾಗೆ. ಸೀನು ಹೊರಬಿದ್ದ ಮೇಲೆ ಎಲ್ಲ ಸುಮ್ಮನಾಯಿತು. ಮೇಷ್ಟ್ರು ಕರ್ಚೀಫಿಗಾಗಿ ಜೇಬು ತಡಕುತ್ತಿದ್ದರು.

ನರದ ಡಾಕ್ಟರು ಶಾಲಿನ ಹತ್ತಿರಕ್ಕೆ ಬಗ್ಗಿದರು.

"ಇದು ಯಾವಾಗಿಂದ?"

ಹೆಂಡತಿಯ ಕಣ್ಣು ತುಂಬಿತು. "ಇವ್ರಿಗೆ ನೆಗಡಿ ಆದಾಗಿಂದ. ಸೀನು ಬರೋ ಹೊತ್ತಿಗೆ ಕೈ ತಾನಾಗೇ ಎಗರುತ್ತೆ. ಆಕಳಿಸಿದ್ರೂ ಅಷ್ಟೇ. ನೀವು ಹಾಕಿದ ಹೊಲಿಗೆ ಒಳಗೆ ಕಿತ್ತೋಯ್ತು ಅನ್ಕೊಂಡ್ವಿ. ದೊಡ್ಡೋರ ಮುಂದೆ ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ಕಟ್ಟಿ ಕರ್ಕೊಂಡು ಬಂದೆ."

"ಉಸಿರಿನ ಎಕ್ಸರ್‌ಸೈಜೂ ನಿಲ್ಸಿಬಿಟ್ಟೆ ತಾಯಿ," ಎಂದ ಕ್ಷೌರಿಕ ಅಪರಾಧಿಯಂತೆ.

ಬೈಯಬೇಕೋ ಅಪ್ಪಿಕೊಳ್ಳಬೇಕೋ ಆಕೆಗೆ ತಿಳಿಯಲಿಲ್ಲ. ಶಾಲಿನ ಗಂಟಿಗೆ ಕೈ ಹಾಕಿ ಎಳೆದರೆ ಗಂಟು ಇನ್ನೂ ಬಿಗಿಯಿತು. "ಸರಿ ಆಚೆ," ಎಂದು ಮೇಷ್ಟ್ರೇ ಮೇಜು ಸುತ್ತಿ ಬಂದರು. ಎರಡು ಬೆರಳಲ್ಲಿ ಏನು ಮಾಡಿದರೋ, ಗಂಟು ಸಡಿಲಿ ಶಾಲು ಜಾರಿತು. ಸೊರಗಿದ ಕೈ ಅವನ ತೊಡೆಯ ಮೇಲೆ ಬಿತ್ತು.

"ಮಡಚಪ್ಪ, ನೋಡೋಣ," ಎಂದರು ಮೇಷ್ಟ್ರು.

ಕ್ಷೌರಿಕ ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರು ಮೂಡಿತೇ ಹೊರತು ಕೈ ಕದಲಲಿಲ್ಲ.

"ಮಡಚು ಅನ್ಬೇಡಿ ಸರ್! ಆ ಮಾತು ಅದಕ್ಕಿನ್ನೂ ಗೊತ್ತಿಲ್ಲ." ಆಕೆ ನೆಲದ ಮೇಲೇ ಮಂಡಿಯೂರಿ ಅವನ ತೋಳಿಗೆ ಹೆಬ್ಬೆರಳು ಒತ್ತಿದರು. "ಕೈ ಮರ್ತುಬಿಡಣ್ಣ. ಉಸಿರು ಎಳ್ಕೋ. ಹೆದರ್ಬೇಡ, ಯಾವ ಹೊಲಿಗೆನೂ ಕಿತ್ತಿಲ್ಲ. ಇನ್ನೂ ಎಳ್ಕೋ, ಇನ್ನೂ..."

ಹೆಬ್ಬೆರಳ ಕೆಳಗೆ ದಾರದಂಥದ್ದೇನೋ ಬಿಗಿಯಿತು. ಮುಂಗೈ ತೊಡೆಯಿಂದ ಬೇರೆಯಾಯಿತು. ಬೆರಳುಗಳು ಜೋತುಬಿದ್ದ ಹಾಗೆಯೇ ಅದು ನಿಧಾನಕ್ಕೆ, ತಡವರಿಸುತ್ತ, ಅಂಗಿಯ ಎರಡನೇ ಗುಂಡಿಯವರೆಗೂ ಏರಿತು.

"ಬಂತು! ಬಂತು ಸರ್!" ಜಗಳಗಂಟಿ ಚಿಕ್ಕ ಹುಡುಗಿಯ ಹಾಗೆ ಕೂಗಿಕೊಂಡರು.

"ಬಿಡಬೇಡಪ್ಪ, ಹಿಡ್ಕೋ, ಹಿಡ್ಕೋ!" ಎನ್ನುತ್ತಿದ್ದ ಮೇಷ್ಟ್ರೂ ಅವನ ಜೊತೆ ಎದೆ ಉಬ್ಬಿಸಿ ನಿಂತಿದ್ದರು.

"ನೋಡೇ, ನನ್ನ ಕೈ..." ಎಂದು ಕ್ಷೌರಿಕ ಬಾಯಿ ತೆರೆದದ್ದೇ ತಡ, ಕೈ ದೊಪ್ಪನೆ ಬಿತ್ತು.

"ಸದ್ಯಕ್ಕೆ ಮಾತಾಡಬಾರ್ದು," ಎಂದರು ನರದ ಡಾಕ್ಟರು ಕಣ್ಣೊರೆಸಿಕೊಂಡು. "ಉಸಿರು ಬಿಟ್ರೆ ಕೈ ಇಳಿಯುತ್ತೆ. ಅಭ್ಯಾಸ ಮಾಡ್ತಾ ಮಾಡ್ತಾ ಸರಿಹೋಗುತ್ತೆ."

"ಬಾಯಿ ಮುಚ್ಚಿ ಅಂತ ಮದುವೆ ಆದಾಗಿಂದ ನಾನೂ ಹೇಳ್ತಿದೀನಿ," ಎಂದಳು ಹೆಂಡತಿ. ಅಳುವೂ ನಗುವೂ ಒಟ್ಟಿಗೇ ಬಂದು ಅವಳಿಗೆ ಬಿಕ್ಕಳಿಕೆ ಹತ್ತಿತು.

ಮೇಷ್ಟ್ರು ಗೋಡೆಯ ಬಿಳಿ ಹಲಗೆಯ ಹತ್ತಿರ ಹೋದರು. ಬುಧವಾರದ ಕೆಳಗೆ ತಮ್ಮ ಕೈಯಿಂದಲೇ ಬೆಳಗ್ಗೆ ಬರೆದಿದ್ದ 'ಬೆನ್ನು' ಎಂಬುದನ್ನು ಅಂಗೈಯಲ್ಲಿ ಉಜ್ಜಿದರು. "ಮಂಗಳವಾರ ರಾತ್ರಿ ಊಟ ಆದ್ಮೇಲೆ ಏನೂ ತಿನ್ನಬಾರ್ದು ಅಂತ ಆ ಟೀಚರಿಗೆ ಹೇಳ್ಬಿಡು," ಎಂದರು. "ಬೆಳಗ್ಗೆ ಬೇಗ ಶುರು ಮಾಡು, ಸಂಜೆ ಉಳಿದ ಹೊತ್ತು ನನಗೆ ಬೇಕು." ಆಮೇಲೆ ಇನ್ನೊಂದು ಕೈಯಿಂದ ಮತ್ತೆ ಎಡಗಿವಿಯ ಮೇಲೆ ಸವರಿಕೊಂಡರು.

ಅದನ್ನು ಕ್ಷೌರಿಕ ನೋಡಿದ. ಹೇಳಲು ಅವನಿಗೆ ಎಷ್ಟೋ ಇತ್ತು. ಆದರೆ ಅವನು ಆಗಲೇ ಮತ್ತೊಮ್ಮೆ ಉಸಿರು ತುಂಬಿಕೊಂಡಿದ್ದ, ಕೈ ಮೆಲ್ಲಗೆ ಮೇಲೇಳುತ್ತಿತ್ತು. ತುಟಿ ಬಿಗಿದುಕೊಂಡು ಸುಮ್ಮನೆ ಕೂತ. ಪಕ್ಕದಲ್ಲಿ ಶಾಲು ಮಡಚುತ್ತಿದ್ದ ಹೆಂಡತಿ ಅವನ ಮುಚ್ಚಿದ ಬಾಯನ್ನೇ ನೋಡುತ್ತ ಅರ್ಧಕ್ಕೇ ನಿಲ್ಲಿಸಿದ್ದಳು.