ಹಾಜಿಮಲಂಗನ ರಟ್ಟೆ

೧೯೫೮ರ ಬೇಸಿಗೆಯಲ್ಲಿ ಹೊರ್ತಿಯ ಹಾಜಿಮಲಂಗ ಗುಂಡುಕಲ್ಲು ಎತ್ತಲು ಹೋದಾಗ ಅವನ ವಯಸ್ಸು ಐವತ್ತೆರಡು ದಾಟಿತ್ತು. "ಬ್ಯಾಡ್ರಿ" ಎಂದು ಹೆಂಡತಿ ಸಾಬೀರಾ ಮೂರು ಸಲ ಹೇಳಿದ್ದಳು. ಆದರೆ ಕಟ್ಟೆಯ ಮೇಲೆ ಕುಳಿತಿದ್ದ ಪಕ್ಕದ ಮನೆಯ ಮಲ್ಲಣ್ಣ, "ಮಲಂಗಣ್ಣ ಈಗ ಚಾದ ಕಪ್ಪ ಎತ್ತಿದ್ರ ಸಾಕು ಬಿಡ್ರಿ" ಎಂದು ನಕ್ಕುಬಿಟ್ಟ. ಆಮೇಲೆ ಹಾಜಿಮಲಂಗನನ್ನು ತಡೆಯುವವರು ಯಾರು?

ಕಲ್ಲು ಮೊಣಕಾಲಿನ ತನಕ ಬಂತು. ಅಷ್ಟರಲ್ಲಿ ಬಲಭುಜದೊಳಗೆ ಒಣಕಡ್ಡಿ ಮುರಿದಂತೆ ಟಕ್ ಎಂದಿತು. ಕಲ್ಲು ಧೊಪ್ಪನೆ ಬಿತ್ತು. ಕಾಲು ಉಳಿದದ್ದೇ ಪುಣ್ಯ.

ಮನೆಗೆ ಬಂದ ಮೇಲೆ ಸಾಬೀರಾ ಅಂಗಿ ಬಿಚ್ಚಿಸಿ ನೋಡಿದಳು. ರಟ್ಟೆಯ ಮಾಂಸವೆಲ್ಲ ಭುಜದಿಂದ ಕೆಳಗೆ ಜಾರಿ, ಮೊಣಕೈಯ ಮೇಲೆ ಉಂಡೆ ಕಟ್ಟಿಕೊಂಡು ಕುಳಿತಿತ್ತು. ಎರಡು ದಿನದಲ್ಲಿ ತೋಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಹಾಜಿಮಲಂಗ ಮಾತ್ರ ಕನ್ನಡಿಯ ಮುಂದೆ ನಿಂತು ಹಿಗ್ಗಿದ.

"ನೋಡಿಲ್ಲಿ ಸಾಬೀರಾ, ರಟ್ಟಿ ಎಷ್ಟ ದಪ್ಪ ಆಗೈತಿ!"

ನೀಲಿ ಇನ್ನೂ ಪೂರ್ತಿ ಮಾಸುವ ಮೊದಲೇ ಅಂಗಿಯ ತೋಳು ಮಡಚಿಕೊಂಡು ಕಟ್ಟೆಗೆ ಹೋಗಿ ಕುಳಿತ. ಮಲ್ಲಣ್ಣ ಆ ಉಂಡೆಯನ್ನೇ ನೋಡುತ್ತ ಬೀಡಿ ಹಚ್ಚುವುದನ್ನು ಮರೆತ. ಹಾಜಿಮಲಂಗ ಮನೆಗೆ ಬಂದು ಬೀಗ ತೆಗೆಯುವಾಗ ಕೀಲಿಕೈ ತಿರುಗಲಿಲ್ಲ. ಕದ್ದುಮುಚ್ಚಿ ಎಡಗೈ ಹಚ್ಚಿದ.

ನೀರು ತಂದು ಹಿಂದೆ ನಿಂತಿದ್ದ ಸಾಬೀರಾ ಅದನ್ನು ನೋಡಿದಳು. "ಊರಿಗೆ ತೋರ್ಸೂ ರಟ್ಟಿ ಐತಿ, ಕೀಲಿ ತಿರುವೂ ರಟ್ಟಿ ಇಲ್ಲ. ನಾಳೆ ಇಂಡಿಗೆ ನಡೀರಿ."

ಇಂಡಿಯ ಡಾಕ್ಟರು ಅಂಗೈ ಮೇಲೆ ಮಾಡಿಸಿದರು, ಕೆಳಗೆ ಮಾಡಿಸಿದರು, ಮೊಣಕೈ ಮಡಚಿಸಿದರು.

"ಈ ಮಾಂಸಖಂಡ ಭುಜಕ್ಕ ಎರಡು ಹುರಿಯಿಂದ ಕಟ್ಕೊಂಡಿರತೈತಿ. ಒಂದು ಹರದೈತಿ. ಇನ್ನೊಂದು ಗಟ್ಟಿ ಐತಿ, ಅದಕ್ಕ ಕೈ ನಡದೈತಿ."

"ಕೊಯ್ಯಬೇಕೇನ್ರಿ?" ಹಾಜಿಮಲಂಗನ ದನಿ ಸಣ್ಣದಾಯಿತು.

"ನಿಮ್ಮ ವಯಸ್ಸಿಗೆ ಬೇಕಾಗಿಲ್ಲ. ನೋವು ಇಳಿಯೂತನಕ ಕೈ ಕೊರಳಿಗೆ ಕಟ್ಟಿದ ಬಟ್ಟಿ ಜೋಳಿಗ್ಯಾಗ ಇರ್ಲಿ, ತಣ್ಣೀರ ಬಟ್ಟಿ ಹಾಕ್ರಿ. ಎಣ್ಣಿ ಹಚ್ಚಿ ತಿಕ್ಕಿಸ್ಕೋಬ್ಯಾಡ್ರಿ. ಆಮ್ಯಾಲ ಮೆಲ್ಲಕ ಕೈ ಆಡಿಸ್ರಿ, ಹಗುರ ಕೆಲಸ ಮಾಡ್ರಿ. ಕಲ್ಲಿನ ಸುದ್ದಿ ಮಾತ್ರ ಬ್ಯಾಡ."

"ಮತ್ತ ಈ ಉಂಡಿ?"

"ಅದು ಇನ್ನ ಹಂಗ ಇರತೈತಿ."

ಹಾಜಿಮಲಂಗನ ಮುಖ ಅರಳಿತು. ಸಾಬೀರಾಳ ಮುಖವೂ ಅರಳಿತ್ತು. ಅವಳ ಕಿವಿಯಲ್ಲಿ ಉಳಿದದ್ದು 'ಹಗುರ ಕೆಲಸ' ಎಂಬ ಎರಡೇ ಮಾತು. ಬಸ್ಸು ಹೊರ್ತಿ ಮುಟ್ಟುವಷ್ಟರಲ್ಲಿ ಅದಕ್ಕೆ ಅವಳು ಬೇಕಾದಷ್ಟು ಸೇರಿಸಿದ್ದಳು.

ಜೋಳಿಗೆ ಬಿಚ್ಚಿದ ಮೇಲೆ ಮೊದಲ ವಾರ ಬೇಳೆ ಆರಿಸುವುದು. ಎರಡನೆಯ ವಾರ ಮಜ್ಜಿಗೆ ಕಡೆಯುವುದು. ಆಮೇಲೆ ಕರ್ಚೀಫು ಹಿಂಡುವುದು, ಜೋಳದ ಹಿಟ್ಟು ನಾದುವುದು.

"ಇದೂ ಡಾಕ್ಟರು ಹೇಳ್ಯಾರೇನು?"

"ನಿಮ್ಮ ಚಿತ್ತ ಉಂಡಿ ಮ್ಯಾಲಿತ್ತು. ನಾ ಎಲ್ಲಾ ಕೇಳೇನಿ."

ಹಾಜಿಮಲಂಗ ಬಾಗಿಲು ಹಾಕಿಕೊಂಡು ನಾದಿದ. ಕೈಗೆ ದಿನದಿಂದ ದಿನಕ್ಕೆ ಕಸುವು ಬರತೊಡಗಿತ್ತು, ಸುಳ್ಳಲ್ಲ. ಆದರೆ ಒಂದು ಮುಂಜಾನೆ ಬೆಂಕಿಪೊಟ್ಟಣ ಕೇಳಲು ಮಲ್ಲಣ್ಣ ಹಿತ್ತಲ ಬಾಗಿಲಿನಿಂದ ಒಳಗೆ ಬಂದುಬಿಟ್ಟ. ಹಾಜಿಮಲಂಗನ ಎರಡೂ ಕೈ ಹಿಟ್ಟಿನಲ್ಲಿದ್ದವು.

"ಏನಿದು ಮಲಂಗಣ್ಣ?"

ಹಾಜಿಮಲಂಗ ಎದೆ ಉಬ್ಬಿಸಿದ. "ಕಸರತ್ತು! ಇಂಡಿ ಡಾಕ್ಟರು ಬರದು ಕೊಟ್ಟಾರ."

ಮಲ್ಲಣ್ಣ ನಗಲಿಲ್ಲ. ಹತ್ತಿರ ಬಂದು ಆ ಉಂಡೆಯನ್ನು ಬೆರಳಿನಿಂದ ಒತ್ತಿ ನೋಡಿದ. "ಈ ಉಂಡಿ ಹಿಟ್ಟ ನಾದಿದ್ರಿಂದನ ಬಂದದ್ದೇನು?"

"ಮತ್ತ?"

ಸಾಬೀರಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಯ ಮೂಲೆಗೆ ತಿರುಗಿ ನಿಂತಳು.

ಮರುದಿನ ಮಲ್ಲಣ್ಣನ ಹೆಂಡತಿ ಸಿದ್ದವ್ವ ಏದುಸಿರು ಬಿಡುತ್ತ ಬಂದಳು. "ಏನ ಮಾಟ ಮಾಡೀಯವ್ವ ಸಾಬೀರಾ? ನಮ್ಮವ್ರು ನಸುಕಿನ್ಯಾಗ ಎದ್ದು ಹಿಟ್ಟ ನಾದಾಕ ಕುಂತಾರ! ಎಬ್ಬಿಸಿದ್ರ ಏಳವಲ್ರು!"

"ಎಬ್ಬಿಸಬ್ಯಾಡ ನನ್ನವ್ವ," ಎಂದಳು ಸಾಬೀರಾ. "ನಾಳೆ ಮಜ್ಜಿಗಿ ಗಡಿಗಿನೂ ಮುಂದ ಇಡು."