ಲೇಸಾಲೆಯ ಖಾಲಿ ಬೆಂಚುಗಳು

ದ್ವೀಪನಾಡಿನ ನಮ್ಮ ಪೋರ್ಟ್ ವಿಲಾದಲ್ಲಿ ಸಂಜೆಯಾಗುತ್ತಲೇ ಕಾವಾ ಅಂಗಡಿಗಳ ಬಾಗಿಲಲ್ಲಿ ಒಂದೊಂದೇ ದೀಪ ಹತ್ತುತ್ತದೆ. ಬೇರು ಅರೆದು ಹಿಂಡಿದ ಕೆಸರುಬಣ್ಣದ ರಸ ಸಿದ್ಧವಾಯಿತೆಂದು ಅರ್ಥ. ಒಂದು ಕರಟ ಕುಡಿದರೆ ನಾಲಗೆ ಮರಗಟ್ಟುತ್ತದೆ. ಇನ್ನೊಂದು ಕುಡಿದರೆ ಲೋಕ ನಾಲ್ಕು ಹೆಜ್ಜೆ ಹಿಂದೆ ಸರಿದು ಮೆತ್ತಗಾಗುತ್ತದೆ.

ಬೀದಿಗೆಲ್ಲ ಜೋರಾಗಿ ಬೆಳಗುತ್ತಿದ್ದುದು, ರೇಡಿಯೋ ಕೂಗುತ್ತಿದ್ದುದು ಲೇಸಾಲೆಯ ಅಂಗಡಿ. ಗಿರಾಕಿಗಳು ಮಾತ್ರ ಇರಲಿಲ್ಲ. ಎದುರು ಮನೆಯವನೆಂಬ ದಾಕ್ಷಿಣ್ಯಕ್ಕೆ ನಾನು ಹೋಗುತ್ತಿದ್ದೆ. ಹನ್ನೆರಡು ವರ್ಷ ಹೋಟೆಲಿನಲ್ಲಿ ಬಡಿಸಿದವಳು, ಕರಟ ತುಟಿಯಿಂದ ಇಳಿಯುವ ಮೊದಲೇ "ಹೇಗಿದೆ ಅಣ್ಣಾ? ಚೆನ್ನಾಗಿದೆಯಾ?" ಎಂದು ಮುಖಕ್ಕೆ ಮುಖ ತಂದು ನಗುತ್ತಿದ್ದಳು. ಆ ಕಹಿ ಗಂಟಲಿಳಿಯುವ ಗಳಿಗೆಯಲ್ಲಿ ಕುಡಿದ ಯಾರ ಮುಖವೂ ನೋಡುವಂತಿರುವುದಿಲ್ಲ.

ಜಾಗ ಅವಳ ಚಿಕ್ಕಪ್ಪನ ಮಗ ಕಾಲ್ತಾಕ್‌ನದು. "ಶನಿವಾರದೊಳಗೆ ಬೆಂಚು ತುಂಬದಿದ್ರೆ ಬೀಗದಕೈ ಕೊಟ್ಬಿಡಕ್ಕಾ. ಕಾರು ತೊಳೆಯೋರು ಜಾಗ ಕೇಳ್ತಿದಾರೆ," ಎಂದಿದ್ದ. ಆಮೇಲೆ ಮತ್ತೆ ಹೋಟೆಲಿನ ತಟ್ಟೆಗಳೇ ಗತಿ.

ಸಣ್ಣ ವ್ಯಾಪಾರಿಗಳ ನೆರವಿನ ಸಂಘದವರು ಮಂಗಳವಾರ ತಾಬಿಯನ್ನು ಕಳಿಸಿದರು. ಪೆಂಟೆಕೋಸ್ಟ್ ದ್ವೀಪದ ಮುದುಕ, ಇಪ್ಪತ್ತೆರಡು ವರ್ಷ ಕಾವಾ ಮಾರಿದವರು. ಲೇಸಾಲೆ ನೋಟ್‌ಬುಕ್ಕು ಬಿಚ್ಚಿ ನಿಂತಳು. ಅವರು ಒಂದು ಕರಟ ಕುಡಿದು, ಟೋಪಿ ಕಣ್ಣಿಗೆಳೆದುಕೊಂಡು ಬೆಂಚಿನ ಮೇಲೆ ಕೂತು, ಎದ್ದು ಹೋದರು. ಬುಧವಾರವೂ ಅಷ್ಟೇ.

ಗುರುವಾರ ಅವಳ ತಾಳ್ಮೆ ಕೆಟ್ಟಿತು. "ಮಾವ, ಬುದ್ಧಿ ಹೇಳೋಕೆ ಬಂದ್ರೋ, ನಿದ್ದೆ ಮಾಡೋಕೆ ಬಂದ್ರೋ?"

"ಇಲ್ಲಿ ನಿದ್ದೆ ಎಲ್ಲಿಂದ ಬರ್ಬೇಕು! ನೀನು ಯಾವತ್ತಾದ್ರೂ ಈ ಬೆಂಚಲ್ಲಿ ಕೂತಿದ್ದೀಯಾ?"

"ನಾನ್ಯಾಕೆ ಕೂರ್ಲಿ? ನಮ್ಮೂರಲ್ಲಿ ಹೆಂಗಸ್ರು ಕಾವಾ ಕುಡಿಯಲ್ಲ."

"ಇದು ನಿಮ್ಮೂರಲ್ಲ. ಕೂತ್ಕೊ, ನಾನು ಬಡಿಸ್ತೀನಿ."

ಒಂದೇ ಗುಟುಕಿಗೆ ಕುಡಿದಳು. ಮುಖ ಹಿಂಡಿದ ನಿಂಬೆಯಾಯಿತು. ತಾಬಿ ಬಾಗಿ, ಹಲ್ಲು ಕಿರಿದು, "ಹೇಗಿದೆ ಅಮ್ಮಾ? ಚೆನ್ನಾಗಿದೆಯಾ?" ಎಂದರು. ಕರಟ ಅವರ ತಲೆಗೆ ಬೀಳದೆ ಉಳಿದದ್ದು ನನಗೀಗಲೂ ಆಶ್ಚರ್ಯ.

ಆಮೇಲೆ ಅವಳಿಗೆ ಕಾವಾ ಏರಿತು. ನಾಲಗೆ ಹೋಯಿತು. ಹಲಸಿನಂಥ ಬ್ರೆಡ್‌ಫ್ರೂಟ್ ಮರದ ಮೇಲೆ ದೊಡ್ಡ ಬಾವಲಿಗಳು ಈಜುತ್ತಾ ಹೋದವು. ಬೀದಿಯ ಸದ್ದು ನೀರಿನಡಿಯಿಂದ ಬಂದಂತಿತ್ತು. ಅವಳದೇ ಬಿಳಿ ದೀಪ ಮಾತ್ರ ಕಣ್ಣಿಗೆ ಸೂಜಿ ಚುಚ್ಚುತ್ತಿತ್ತು, ಅವಳದೇ ರೇಡಿಯೋ ಕಿವಿಯಲ್ಲಿ ಪಾತ್ರೆ ಬಡಿಯುತ್ತಿತ್ತು. ಎದ್ದು, ಸೊಂಟಮಟ್ಟದ ನೀರಲ್ಲಿ ನಡೆದಂತೆ ಹೋಗಿ, ಎರಡನ್ನೂ ಆರಿಸಿದಳು.

ತಾಬಿ ಚೀಲದಿಂದ ಮಸಿ ಹಿಡಿದ ಲಾಂದ್ರ ತೆಗೆದರು. "ಮಂಗಳವಾರಾನೇ ತಂದಿದ್ದೆ."

"ಅವತ್ತೇ ಕೊಡ್ಬಾರ್ದಿತ್ತಾ?"

"ಅವತ್ತು ಕೊಟ್ಟಿದ್ರೆ ನೀನು ಅಟ್ಟಕ್ಕೆ ಎಸೀತಿದ್ದೆ."

ಶುಕ್ರವಾರ ಲಾಂದ್ರದ ಮಬ್ಬು ಬೆಳಕಿಗೆ ನಾಲ್ಕೈದು ಮಂದಿ ಬಂದು ಕೂತರು. ಶನಿವಾರ ಮುಸ್ಸಂಜೆ ಬೀಗದಕೈಗೆಂದು ಕಾಲ್ತಾಕ್ ಬಂದಾಗ ಲಾಂದ್ರದಾಚೆ ಬರೀ ಉಸಿರು, ಪಿಸುಮಾತು, ಸಿಗರೇಟಿನ ಕೆಂಡಗಳು. ಅವನು ಒಂದು ಕರಟ ಕುಡಿದು ಬೇಲಿಯ ಕಡೆ ತಿರುಗಿ ಉಗಿದ. ಲೇಸಾಲೆ ಏನೂ ಕೇಳದೆ ಬೇರೆಲ್ಲೋ ನೋಡುತ್ತಿದ್ದಳು. ಕೂರಲು ಜಾಗವಿರಲಿಲ್ಲ, ನಾನು ಸರಿದು ಗೇಣಗಲ ಮಾಡಿಕೊಟ್ಟೆ.

ತುಂಬ ಹೊತ್ತಾದ ಮೇಲೆ ಅವನು ನನ್ನ ಕಿವಿಯ ಬಳಿ ಬಂದ. "ಅಣ್ಣಾ, ನಾನು ಏನೋ ಕೇಳೋಕೆ ಬಂದಿದ್ದೆ. ಏನದು?"

"ಗೊತ್ತಿಲ್ಲಪ್ಪಾ," ಎಂದೆ.