ಅರ್ಧ ಮೀಟರ್ ಸುಳ್ಳು

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಅಡುಗೆಮನೆಯ ಗಡಿಯಾರದಲ್ಲಿ ಏಳೂ ಹತ್ತು. ಅಂದರೆ ಏಳು. ನಮ್ಮ ಮನೆಯ ಎಲ್ಲ ಗಡಿಯಾರಗಳೂ ಹತ್ತು ನಿಮಿಷ ಮುಂದಿರುತ್ತವೆ. ಎಲ್ಲಿಗೂ ತಡವಾಗಬಾರದೆಂದು ನನ್ನ ಗಂಡ ಮಾಡಿದ್ದ ಏರ್ಪಾಡು ಅದು. ಹತ್ತು ನಿಮಿಷ ಕೈಯಲ್ಲಿದೆ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಎಲ್ಲರೂ ತಡವಾಗಿಯೇ ಹೊರಡುತ್ತಿದ್ದೆವು. ಅವನು ಎಲ್ಲರಿಗಿಂತ ತಡವಾಗಿ.

ನಾನು ಬ್ರೆಡ್ಡು ಬಿಸಿ ಮಾಡುತ್ತಿದ್ದೆ. ಅತ್ತೆ ಮೇಜಿನ ಮುಂದೆ ಕುಳಿತು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು, ಹಾಕುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲಿಂದ ಇದ್ದಕ್ಕಿದ್ದಂತೆ ಸೈರನ್ ಹೊಡೆದುಕೊಳ್ಳತೊಡಗಿತು.

“ಈಗ ಯಾರು ಹೋದರೇ?” ಎಂದರು ಅತ್ತೆ.

ಯಾರೂ ಹೋಗಿರಲಿಲ್ಲ. ಅವನ ಟ್ಯಾಬ್ಲೆಟ್ ಎದ್ದಿತ್ತು. ಅವನ ಹಾಯಿದೋಣಿಯಲ್ಲಿ ನಕ್ಷೆ, ಗಾಳಿ, ವೇಗ, ನೀರಿನ ಆಳ ಎಲ್ಲವನ್ನೂ ತೋರಿಸುವುದು ಅದೊಂದೇ. ಯಾರೋ ಅದನ್ನು ದೋಣಿಯಿಂದ ಮನೆಗೆ ತಂದಿಟ್ಟಿದ್ದರು. ಹಿಂದಿನ ದಿನ ನಾನು ಏನೂ ಯೋಚಿಸದೆ ಚಾರ್ಜಿಗೆ ಹಾಕಿದ್ದೆ. ಅವನು ಕಡೆಯ ಸಲ ಲಂಗರು ಹಾಕಿದಾಗ ಅದಕ್ಕೊಂದು ಕೆಲಸ ಹೇಳಿದ್ದ: ದೋಣಿ ಮೂವತ್ತು ಮೀಟರ್ ಸರಿದರೆ ಕೂಗು. ಈಗ ಅದು ಕೂಗುತ್ತಿತ್ತು. ಪರದೆಯ ಮೇಲೆ ನಮ್ಮ ಪುಟ್ಟ ದೋಣಿ ಇಸ್ತ್ರಿ ಅಂಗಡಿಗೂ ಶಾಲೆಗೂ ನಡುವೆ ನಿಂತಿತ್ತು. ‘ಲಂಗರು ಜಾರಿದೆ: 2,340 ಮೀಟರ್.’

“ಅಡುಗೆಮನೆಗೇ ಬಂದುಬಿಟ್ಟಿದೆ,” ಎಂದೆ.

“ಬರಲಿ. ಅದಕ್ಕೂ ಎರಡು ಹೋಳು ಬ್ರೆಡ್ಡು ಹಾಕು. ಮೊದಲು ಆ ಬಾಯಿ ಮುಚ್ಚಿಸು.”

ಬಾಯಿ ಮುಚ್ಚಿಸುವ ಗುಂಡಿ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ದೋಣಿಯಲ್ಲಿ ಹಗ್ಗ ನನ್ನದು, ಚುಕ್ಕಾಣಿ ಮತ್ತು ಪರದೆ ಅವನವು. ಒಂದೊಂದಾಗಿ ಒತ್ತುತ್ತ ಹೋದೆ. ಒಂದು ಪುಟದಲ್ಲಿ ‘ಆಳ: ಕಳೆಯಬೇಕಾದ್ದು 0.5’ ಎಂದಿತ್ತು. ಇದನ್ನು ಅವನು ನನಗೆ ಹೇಳಿದ್ದ. ಗಡಿಯಾರದ ಉಪಾಯವನ್ನೇ ಅವನು ಸಮುದ್ರಕ್ಕೂ ಹಚ್ಚಿದ್ದ. ನೀರು ಎಷ್ಟಿದ್ದರೂ ಪರದೆ ಅರ್ಧ ಮೀಟರ್ ಕಡಿಮೆ ತೋರಿಸಬೇಕು, ಆಗ ಹುಷಾರಾಗಿರುತ್ತೇವೆ.

ಮುಂದಿನ ಗುಂಡಿಗೆ ಸೈರನ್ ನಿಂತಿತು. ನಕ್ಷೆ ಅಗಲವಾಗಿ ತೆರೆದುಕೊಂಡಿತು. ಕೊಲ್ಲಿಯ ತುಂಬ ಅವನು ಹಾಕಿದ ಗುರುತುಗಳು, ಅವನೇ ಇಟ್ಟ ಹೆಸರುಗಳು. ‘ಎಡಗಾಲಿನ ಚಪ್ಪಲಿ ಇಲ್ಲಿದೆ.’ ‘ಇವಳು ಮಾತು ಬಿಟ್ಟದ್ದು.’ ‘ಇವಳು ಮಾತು ಶುರು ಮಾಡಿದ್ದು.’ ಎರಡಕ್ಕೂ ನಡುವೆ ಒಂಬತ್ತು ಕಿಲೋಮೀಟರ್.

ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದರು. “‘ಅಮ್ಮನಿಗೆ ಹೇಳಬಾರದ ಬಂಡೆ.’ ಏನೇ ಇದು?”

“ಹೇಳಬಾರದಂತಲ್ಲ ಅತ್ತೆ.”

“ಗುದ್ದಿದನಾ?”

“ಸವರಿದ.”

“ಅಯ್ಯೋ, ನನ್ನ ಮಗನೇ,” ಎಂದರು. ಬೈಗುಳವೋ ಏನೋ, ಗೊತ್ತಾಗಲಿಲ್ಲ.

ಬಂದರಿನ ಪಕ್ಕ, ನೀರಿನ ಮೇಲಲ್ಲ, ನೆಲದ ಮೇಲೆ ಇನ್ನೊಂದು ಗುರುತಿತ್ತು. ದೋಣಿ ರಿಪೇರಿಯ ಶೆಡ್ಡಿನ ನೆತ್ತಿಯ ಮೇಲೆ. ‘ಗೊಣಗಜ್ಜನ ಗುಂಡು ವಾಪಸ್. ನಾಳೆ.’ ತಾರೀಕು ನಾಲ್ಕು ವರ್ಷ ಹಿಂದಿನದು. ಗೊಣಗಜ್ಜ ಎಂದರೆ ಶೆಡ್ಡಿನ ಮುದುಕ. ನಮ್ಮ ದೋಣಿಗೆ ಮೊಳೆಯಿಂದ ಹಿಡಿದು ಆಳ ನೋಡುವ ಪೆಟ್ಟಿಗೆಯವರೆಗೆ ಎಲ್ಲ ಕೂರಿಸಿಕೊಟ್ಟವರು ಅವರೇ. ಯಾವ ಗುಂಡು ಎಂದು ಅತ್ತೆಗೂ ಗೊತ್ತಿರಲಿಲ್ಲ.

ಅಂದಹಾಗೆ, ಅವನು ಸತ್ತದ್ದು ಸಮುದ್ರದಲ್ಲಲ್ಲ. ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಹಳೆಯ ವಾರಪತ್ರಿಕೆ ತಿರುವಿಹಾಕುತ್ತ. ಹೃದಯ ನಿಂತಿತು. ಹಲ್ಲು ಗಟ್ಟಿಯಾಗಿಯೇ ಇತ್ತಂತೆ.

ಎಂಟಕ್ಕೆ, ಗಡಿಯಾರದ ಪ್ರಕಾರ ಎಂಟೂ ಹತ್ತಕ್ಕೆ, ಮೈದುನ ಬಂದ. ಅವನು ಯಾವತ್ತೂ ತಡ ಮಾಡುವವನಲ್ಲ. ಕೈಯಲ್ಲಿ ಬಂದರು ಕಚೇರಿಯ ನೋಟೀಸು. ಬಂದರಿನ ಹೂಳೆತ್ತುತ್ತಾರೆ, ಗುರುವಾರದ ಒಳಗೆ ಎಲ್ಲ ದೋಣಿಗಳೂ ಕೊಲ್ಲಿ ದಾಟಿ ಆಚೆಯ ಅಳಿವೆಗೆ ಹೋಗಬೇಕು.

“ಅತ್ತಿಗೆ, ನೀವು ತಲೆ ಕೆಡಿಸಿಕೊಳ್ಳಬೇಡಿ. ನನ್ನ ಸ್ನೇಹಿತನೊಬ್ಬ ತಗೋತಾನಂತೆ. ಇದ್ದ ಹಾಗೇ. ನಾಳೆಯೇ ಬಂದು ಎಳೆದುಕೊಂಡು ಹೋಗ್ತಾನೆ.”

“ನಾನೇ ಒಯ್ತೀನಿ,” ಎಂದೆ.

ಹಾಗೆ ಹೇಳಬೇಕೆಂದು ಅಂದುಕೊಂಡಿರಲಿಲ್ಲ. ಐದು ದಿನಗಳಿಂದ ಯಾರು ಏನು ಕೇಳಿದರೂ ಹೂಂ ಅನ್ನುತ್ತಿದ್ದೆ. ಹೂವು ಈ ಕಡೆ ಇಡಲಾ, ಹೂಂ. ಅವನ ಕೋಟು ಯಾರಿಗಾದರೂ ಕೊಡೋಣವಾ, ಹೂಂ. ದೋಣಿಯ ವಿಷಯಕ್ಕೆ ಬಂದಾಗ ಹೂಂ ಎನ್ನುವುದು ಬಾಯಿಗೆ ಬರಲಿಲ್ಲ.

“ನೀವಾ? ಚುಕ್ಕಾಣಿ ಹಿಡಿದಿದ್ದೀರಾ ಯಾವತ್ತಾದರೂ?”

“ಹಿಡಿದಿದ್ದೀನಿ. ಅವನು ಟೀ ಕುಡಿಯೋವಾಗ.”

“ಅಳಿವೆಯ ಬಾಯಲ್ಲಿ ಮಣ್ಣಿನ ದಿಬ್ಬ ಇದೆ ಅತ್ತಿಗೆ. ಅಣ್ಣನೇ ಒಂದು ಸಲವೂ ಒಳಗೆ ಹೋಗಿಲ್ಲ. ಹೋಗೋಕಾಗಲ್ಲ ಅಂತಿದ್ದ.” ಅದು ನಿಜ. “ಅಮ್ಮಾ, ನೀನಾದರೂ ಹೇಳು.”

ಅತ್ತೆ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದರು. “ಇವಳು ಅದನ್ನ ಆಚೆ ಸೇರಿಸಿದರೆ ಇವಳೇ ಇಟ್ಕೊಳ್ಳಲಿ. ಮಣ್ಣಿಗೆ ಹತ್ತಿಸಿದರೆ ನಿನ್ನ ಸ್ನೇಹಿತ ತಗೊಳ್ಳಲಿ. ಆಯ್ತಾ?”

“ಆಯ್ತು. ಜೊತೆಗೆ ಯಾರು ಹೋಗ್ತಾರೆ?”

“ನಾನು.”

“ಅಮ್ಮಾ, ನಿನಗೆ ಬಸ್ಸಲ್ಲೇ ವಾಂತಿ ಬರುತ್ತೆ.”

“ಅದು ಬಸ್ಸು,” ಎಂದರು ಅತ್ತೆ.

ಗುರುವಾರ ಭರತದ ನೀರು ಹನ್ನೊಂದಕ್ಕೆ ಪೂರ್ತಿ ಏರುತ್ತದೆ ಎಂದು ಟ್ಯಾಬ್ಲೆಟ್ ಹೇಳಿತು. ಒಂಬತ್ತಕ್ಕೆ ದೋಣಿಯಲ್ಲಿದ್ದೆವು. ಅತ್ತೆ ಲೈಫ್ ಜಾಕೆಟ್ಟಿನ ಮೇಲೆ ಕೈಚೀಲ ತಗುಲಿಸಿಕೊಂಡಿದ್ದರು. ಟ್ಯಾಬ್ಲೆಟ್ಟನ್ನು ಚುಕ್ಕಾಣಿಯ ಮುಂದಿನ ಹಿಡಿಕೆಗೆ ಸಿಕ್ಕಿಸಿದೆ. ಅದು ದೋಣಿಯ ಪೆಟ್ಟಿಗೆಗಳನ್ನೆಲ್ಲ ಗುರುತು ಹಿಡಿದು ಖುಷಿಯಿಂದ ಕುಂಯ್‌ಗುಟ್ಟಿತು. ಗಾಳಿ ಇಷ್ಟು, ಆಳ ಇಷ್ಟು. ಇಸ್ತ್ರಿ ಅಂಗಡಿಯ ಪಕ್ಕದಿಂದ ಕೊನೆಗೂ ನೀರಿಗೆ ಬಂದದ್ದಕ್ಕಿರಬೇಕು.

ಹಗ್ಗ ಸರಿಸಲು ಸೀಟಿನ ಕೆಳಗಿನ ಗೂಡು ತೆರೆದಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಎತ್ತಲು ಕಷ್ಟವಾಗುವಷ್ಟು ಭಾರ. ಒಳಗೆ ಸೌತೆಕಾಯಿಯಷ್ಟು ಉದ್ದದ ಸೀಸದ ಗುಂಡು, ಅದಕ್ಕೆ ಕಟ್ಟಿದ ಉದ್ದನೆಯ ಹಗ್ಗ, ಹಗ್ಗದುದ್ದಕ್ಕೂ ಬಣ್ಣಬಣ್ಣದ ಬಟ್ಟೆಚೂರುಗಳು. ಸುರುಳಿ ಸುತ್ತಿ ಬಿಗಿಯಾಗಿ ಗಂಟು ಹಾಕಿತ್ತು. ಪರದೆಗಳಿಲ್ಲದ ಕಾಲದಲ್ಲಿ ನೀರಿನ ಆಳ ನೋಡುತ್ತಿದ್ದುದು ಇದರಲ್ಲೇ.

“ಇದೇ ಆ ಗುಂಡು,” ಎಂದೆ.

“ಟ್ಯಾಬ್ಲೆಟ್ ಇಟ್ಕೊಂಡು ಇದು ಯಾಕೆ ಬೇಕಿತ್ತು ಅವನಿಗೆ?”

ಅದೇ ನನಗೂ ತಿಳಿಯಲಿಲ್ಲ. ಡಬ್ಬಿಯನ್ನು ಅತ್ತೆಯ ಕಾಲ ಬಳಿ ಇಟ್ಟೆ.

ಕೊಲ್ಲಿ ದಾಟಿದ್ದರಲ್ಲಿ ಹೇಳುವಂಥದ್ದೇನಿಲ್ಲ. ಗಾಳಿ ಹದವಾಗಿತ್ತು, ಹಾಯಿ ತುಂಬಿತು, ಎಳೆದೆ, ಸಡಿಲಿಸಿದೆ. ಅತ್ತೆಗೆ ವಾಂತಿ ಬರಲಿಲ್ಲ. ಪರದೆ ನೋಡುತ್ತ ಗುರುತುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. “ಈಗ ಚಪ್ಪಲಿ ಬಂತು. ಬಲಗಾಲಿಂದು ನಮ್ಮನೇಲೇ ಇದೆ, ಹಾಕಿಬಿಡೋದಾ? ಪಾಪ, ಜೋಡಿ ಆಗುತ್ತೆ.” ‘ಇವಳು ಮಾತು ಬಿಟ್ಟದ್ದು’ ಹಾದುಹೋಗುವಾಗ ಮಾತ್ರ ಸುಮ್ಮನೆ ನನ್ನ ಮುಖ ನೋಡಿದರು. ನಾನು ಹಗ್ಗ ನೋಡಿದೆ.

ಹನ್ನೊಂದಕ್ಕೆ ಅಳಿವೆಯ ಬಾಯಿಗೆ ಬಂದೆವು. ಹಾಯಿ ಇಳಿಸಿ ಇಂಜಿನ್ ಹಾಕಿದೆ. ಆಚೆ ದೋಣಿ ಕಟ್ಟುವ ಧಕ್ಕೆಯ ಮೇಲೆ ಮೈದುನ ನಿಂತಿದ್ದ, ಪಕ್ಕದಲ್ಲಿ ಸ್ನೇಹಿತ. ಇಬ್ಬರೂ ಮೊಬೈಲ್ ಎತ್ತಿ ಹಿಡಿದಿದ್ದರು.

ದೋಣಿ ತೇಲಲು ಒಂದೂವರೆ ಮೀಟರ್ ನೀರು ಬೇಕು. ಪರದೆಯಲ್ಲಿ ಎರಡು ಇತ್ತು. ಆಮೇಲೆ 1.6. ಆಮೇಲೆ 1.2. ಟ್ಯಾಬ್ಲೆಟ್ ಕೂಗಲು ಶುರು ಮಾಡಿತು. 0.9.

ಇಂಜಿನ್ನನ್ನು ಬರೀ ಗುರುಗುಟ್ಟಲು ಬಿಟ್ಟು ಲೆಕ್ಕ ಹಾಕಿದೆ. ಅವನ ಸುಳ್ಳು ಅರ್ಧ ಮೀಟರ್. ಅದನ್ನು ಸೇರಿಸಿದರೆ 1.4. ಬೇಕಾದ್ದು 1.5. ಭರತ ಇನ್ನು ಏರುವುದಿಲ್ಲ, ಇಳಿಯುತ್ತದೆ. ಹತ್ತು ಸೆಂಟಿಮೀಟರಿಗೆ ದೋಣಿ ಹೋಯಿತು.

“ಯಾಕೆ ನಿಲ್ಲಿಸಿದೆ?”

“ನೀರಿಲ್ಲ ಅತ್ತೆ. ಅವನ ಸುಳ್ಳು ಕಳೆದರೂ ಇಲ್ಲ.”

“ಒಂದೇ ಸುಳ್ಳು ಹೇಳಿದ್ದ ಅಂತ ಯಾರು ಹೇಳಿದ್ದು ನಿನಗೆ? ನಾನು ಮೂವತ್ನಾಲ್ಕು ವರ್ಷ ಸಾಕಿದ್ದೀನಿ ಅವನನ್ನ.” ಅತ್ತೆ ಡಬ್ಬಿಯಿಂದ ಗುಂಡು ಎತ್ತಿಕೊಂಡರು. ಗಂಟು ಬಿಚ್ಚಲು ಬರಲಿಲ್ಲ. ಹಲ್ಲು ಹಾಕಿದರು. “ಇದನ್ನ ಹಾಕಿ ನೋಡೋದಪ್ಪ. ಇದಕ್ಕೆ ಸುಳ್ಳು ಹೇಳೋಕೆ ಏನು ಗುಂಡಿ ಇದೆಯಾ?”

ಬಿಳಿ ಬಟ್ಟೆ ಒಂದು ಮೀಟರಿಗೆ, ಕೆಂಪು ಒಂದೂವರೆಗೆ, ನೀಲಿ ಎರಡಕ್ಕೆ. ಅವನು ಡಬ್ಬಿಯ ಮುಚ್ಚಳದ ಒಳಗೆ ಬರೆದಿಟ್ಟಿದ್ದ. ಅತ್ತೆ ದೋಣಿಯ ಮೂತಿಗೆ ಹೋಗಿ, ಕೈಚೀಲವನ್ನು ಬೆನ್ನ ಹಿಂದಕ್ಕೆ ಎಸೆದುಕೊಂಡು, ಗುಂಡು ಬಿಟ್ಟರು. ಬುಳುಕ್ ಎಂದಿತು.

“ಬಿಳಿ ಮುಳುಗ್ತು!”

ಟ್ಯಾಬ್ಲೆಟ್ ಕೂಗುತ್ತಲೇ ಇತ್ತು.

“ಕೆಂಪು ಮುಳುಗ್ತು! ಇನ್ನೂ ಹೋಗ್ತಿದೆ ಕಣೇ!”

“ನೆಲ ಸಿಕ್ಕಿತಾ?”

“ಈಗ ಸಿಕ್ತು. ನೀಲಿ ಮುಳುಗೋಕೆ ನಾಲ್ಕು ಬೆರಳು ಬಾಕಿ!”

ಒಂದೂ ಒಂಬತ್ತು. ನಾನು ಪರದೆ ನೋಡಿದೆ. 0.9. ಕೆಂಪು ಬಣ್ಣಕ್ಕೆ ತಿರುಗಿ, ಕೂಗಿ ಕೂಗಿ ಅದರ ಗಂಟಲು ಕಟ್ಟುವುದೊಂದೇ ಬಾಕಿ. ಎರಡರಲ್ಲಿ ಒಂದನ್ನು ನಂಬಬೇಕಿತ್ತು. ಅತ್ತೆ ಇನ್ನೊಂದು ಸಲ ಗುಂಡು ಬಿಟ್ಟರು, ಮತ್ತೆ ಅದೇ ನಾಲ್ಕು ಬೆರಳು.

“ಅತ್ತೆ, ಇದು ಹೀಗೆ ಕೂಗ್ತಿದ್ದರೆ ನನಗೆ ಚುಕ್ಕಾಣಿ ಹಿಡಿಯೋಕಾಗಲ್ಲ.”

ಅತ್ತೆ ಹಿಂದಕ್ಕೆ ಬಂದರು. ಟ್ಯಾಬ್ಲೆಟ್ಟನ್ನು ಹಿಡಿಕೆಯಿಂದ ಕಿತ್ತು ಸೀಟಿನ ಮೇಲೆ ಮಗುಚಿ ಇಟ್ಟರು. ಅದರ ಮೇಲೆ ದಿಂಬು. ದಿಂಬಿನ ಮೇಲೆ ಕುಳಿತರು.

“ಈಗ ಬಿಡು,” ಎಂದರು.

ಅತ್ತೆಯ ಕೆಳಗಿನಿಂದ ಸಣ್ಣಗೆ ನರಳುತ್ತಿದ್ದ ಎಚ್ಚರಿಕೆಯೊಂದಿಗೆ ನಾವು ದಿಬ್ಬ ದಾಟಿದೆವು. ಎಲ್ಲಿಯೂ ತಾಕಲಿಲ್ಲ. ಧಕ್ಕೆಯ ಮೇಲೆ ಮೈದುನ ಮೊಬೈಲ್ ಕೆಳಗಿಳಿಸಿದ. ನಾನೆಸೆದ ಹಗ್ಗವನ್ನು ಹಿಡಿದದ್ದು ಅವನ ಸ್ನೇಹಿತ.

“ದೋಣಿ ಚೆನ್ನಾಗಿದೆ,” ಎಂದ ಪಾಪ.

“ಚೆನ್ನಾಗಿದೆ ಅಲ್ವಾ? ನನ್ನ ಸೊಸೇದು,” ಎಂದರು ಅತ್ತೆ, ಇನ್ನೂ ಕುಳಿತೇ.

ಮರುದಿನ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ರಿಪೇರಿ ಶೆಡ್ಡಿಗೆ ಹೋದೆ. ಗೊಣಗಜ್ಜ ಒಂದು ದೋಣಿಯನ್ನು ಮಗುಚಿ ಹಾಕಿ ಅದರ ಹೊಟ್ಟೆ ಉಜ್ಜುತ್ತಿದ್ದರು. ನನ್ನನ್ನು ನೋಡಿ ಉಜ್ಜುಕಾಗದ ಕೆಳಗಿಟ್ಟರು. ಅಂತ್ಯಕ್ರಿಯೆಗೆ ಬಂದಿದ್ದರು, ಮಾತಾಡಿರಲಿಲ್ಲ. ಈಗ ಡಬ್ಬಿಯನ್ನೇ ಬೈದರು.

“ನಾಲ್ಕು ವರ್ಷ! ನಾಳೆ ಕೊಡ್ತೀನಿ ಅಂದಿದ್ದ!”

“ಅಜ್ಜ, ನಿನ್ನೆ ಅಳಿವೆಗೆ ಹೋದೆವು. ಟ್ಯಾಬ್ಲೆಟ್ ಒಂದು ಮೀಟರ್ ಕಮ್ಮಿ ತೋರಿಸ್ತು.”

ಅವರು ಮತ್ತೆ ಉಜ್ಜುಕಾಗದ ಎತ್ತಿಕೊಂಡರು.

“ಅದರಲ್ಲಿ ಅರ್ಧ ಅವನದು. ಇನ್ನರ್ಧ ಯಾರದು?”

ಉಜ್ಜಿದರು. ಉಜ್ಜಿದ ಜಾಗವನ್ನೇ ಮತ್ತೆ ಉಜ್ಜಿದರು.

“ದೋಣಿಯ ಕೆಳಗೆ ಆಳ ನೋಡೋ ಪೆಟ್ಟಿಗೆ ಕೂರಿಸಿದ್ದು ನಾನು,” ಎಂದರು ಕೊನೆಗೆ. “ಅವನ ಗಡಿಯಾರದ ಕಥೆ ಊರಿಗೆಲ್ಲ ಗೊತ್ತು. ಹತ್ತು ನಿಮಿಷ ಮುಂದಿಟ್ಟು ಇಪ್ಪತ್ತು ನಿಮಿಷ ತಡ ಮಾಡೋನು. ತಾನು ಇಟ್ಟ ಸುಳ್ಳನ್ನ ತಾನೇ ಕಳೆದು ನುಗ್ತಾನೆ, ನನಗೆ ಗೊತ್ತಿತ್ತು. ಅದಕ್ಕೇ ಪೆಟ್ಟಿಗೆಯಲ್ಲೇ ಇನ್ನರ್ಧ ಸೇರಿಸಿಬಿಟ್ಟೆ. ಅವನಿಗೆ ಗೊತ್ತಿಲ್ಲದ್ದು.”

“ಅದಕ್ಕೇ ಅವನು ಅಳಿವೆಗೆ ಹೋಗ್ತಿರಲಿಲ್ಲ.”

“ಬದುಕಿದ್ನಲ್ಲ,” ಎಂದವರು ಥಟ್ಟನೆ ಬಾಯಿ ಕಚ್ಚಿಕೊಂಡರು.

ಉಜ್ಜುಕಾಗದವನ್ನು ಮಗುಚಿದ ದೋಣಿಯ ಮೇಲಿಟ್ಟರು.

“ಅವನಿಗೆ ಅನುಮಾನ ಬಂದಿತ್ತು,” ಎಂದರು. “ಒಂದು ದಿನ ಬಂದು ಗುಂಡು ಕೊಡಿ, ಅಳೆದು ನೋಡ್ತೀನಿ ಅಂದ. ಕೊಡಲ್ಲ ಅನ್ನೋಕಾಗುತ್ತಾ? ಕೊಟ್ಟೆ. ಇವತ್ತು ಬೈತಾನೆ, ನಾಳೆ ಬೈತಾನೆ ಅಂತ ಕಾದೆ. ಬೈಯಲೇ ಇಲ್ಲ.” ಡಬ್ಬಿಯ ಮುಚ್ಚಳ ತೆಗೆದು ಹಗ್ಗ ನೋಡಿದರು. “ಗಂಟು ಯಾರು ಬಿಚ್ಚಿದ್ದು?”

“ಅತ್ತೆ. ನಿನ್ನೆ. ಹಲ್ಲಲ್ಲಿ.”

“ಅಲ್ಲಿವರೆಗೆ ನನ್ನ ಗಂಟೇ ಇತ್ತಾ? ಇಷ್ಟು ಬಿಗಿಯಾಗಿ, ತುದಿ ಒಳಗೆ ತೂರಿಸಿ?”

“ಹಾಗೇ ಇತ್ತು.”

ಅಜ್ಜನ ಮುಖ ಒಂದು ಕ್ಷಣ ತುಂಬ ಎಳೆಯದಾಯಿತು. “ಅಳೆಯಲೇ ಇಲ್ಲ ಕತ್ತೆ,” ಎಂದರು.

ನನಗೆ ನಗು ಬಂತು. ಎಷ್ಟು ದಿನವಾಗಿತ್ತೆಂದು ಲೆಕ್ಕ ಹಾಕಲಿಲ್ಲ. ಶೆಡ್ಡಿನ ತಗಡು ಸದ್ದು ಮಾಡುವಷ್ಟು ಬಂತು. ಅಜ್ಜ ಗಾಬರಿಯಾಗಿ ಕುರ್ಚಿ ಎಳೆದರು. ಕುಳಿತು, ನಕ್ಕು, ಮುಗಿಸಿ, ಮೂಗು ಒರೆಸಿಕೊಂಡೆ.

“ಪೆಟ್ಟಿಗೆ ಸರಿ ಮಾಡಿಕೊಡ್ತೀನಿ ಮಗಳೇ. ನಿಜದ ಆಳ ತೋರಿಸೋ ಹಾಗೆ.”

“ಬೇಡ ಅಜ್ಜ. ನಿಮಗೆ ಬೇಕಾದಷ್ಟು ಸುಳ್ಳು ಹಾಕಿ. ಎಷ್ಟು ಅಂತ ಮಾತ್ರ ನನಗೆ ಹೇಳಬೇಡಿ.”

ಅವರು ತಲೆಯಾಡಿಸಿದರು. ನಾನು ಎದ್ದು ಗುಂಡನ್ನು ಡಬ್ಬಿಯಿಂದ ತೆಗೆದು, ಹಗ್ಗ ಸುತ್ತಿ, ಎರಡೂ ಕೈಯಲ್ಲಿ ಅವರಿಗೆ ಕೊಟ್ಟೆ. ಅವರು ತೂಗಿ ನೋಡಿ, ಗೋಡೆಯ ಮೇಲೆ ನಾಲ್ಕು ವರ್ಷದಿಂದ ಖಾಲಿಯಿದ್ದ ಮೊಳೆಗೆ ನೇತುಹಾಕಿದರು. ಮೊಳೆ ಗುಂಡಿನ ಸಮೇತ ಕಿತ್ತುಕೊಂಡು ಬಂದು ಧಡಾರನೆ ಬಣ್ಣದ ಡಬ್ಬಿಗಳ ಮೇಲೆ ಬಿತ್ತು.

ಅಜ್ಜ ಗೋಡೆಯ ತೂತನ್ನು ನೋಡಿದರು.

“ಇರಲಿ,” ಎಂದರು. “ಬೇರೆ ಮೊಳೆ ನಾಳೆ ಹೊಡೀತೀನಿ.”